ಎರಡು ಸೈಕಲ್ಲಿನ ಕಾರ್ಡು

ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ತೆರೆದ ನೆಲಮಹಡಿಯ ಗೋಡೆಗೆ ಸಾಲಾಗಿ ಕೂರಿಸಿದ್ದ ಅಂಚೆಪೆಟ್ಟಿಗೆಗಳಲ್ಲಿ ಬಿಲ್ಲು, ಟ್ಯೂಷನ್ ಜಾಹೀರಾತುಗಳ ನಡುವೆ ಅಪರೂಪಕ್ಕೊಮ್ಮೆ ಕೈಬರಹದ ಲಕೋಟೆಯೂ ಸಿಗುತ್ತಿದ್ದ ಕಾಲವದು. ಸಿಂಗಪುರದ ಟ್ಯಾಂಪಿನೀಸಿನಲ್ಲಿ ನಮ್ಮ ಮನೆ ಒಂಬತ್ತನೇ ಮಹಡಿಯಲ್ಲಿತ್ತು. ನನಗೆ ಹನ್ನೊಂದು ವರ್ಷ, ಪ್ರೈಮರಿ ಫೈವ್. ಎಲ್ಲರ ಕೈಗೂ ಆಗಲೇ ಸ್ಮಾರ್ಟ್‌ಫೋನ್ ಬಂದಿತ್ತು. ಯುಗಾದಿಗೆ, ದೀಪಾವಳಿಗೆ ಮಿನುಗುವ ಚಿತ್ರಗಳು ಸೀದಾ ಫೋನಿಗೇ ಬಂದು ಬೀಳುತ್ತಿದ್ದವು. ಆದರೂ ಅಮ್ಮ ಹೊರಗಿನಿಂದ ಬಂದಾಗಲೆಲ್ಲ ಅಂಚೆಪೆಟ್ಟಿಗೆ ತೆಗೆದು ನೋಡದೆ ಲಿಫ್ಟ್ ಹತ್ತುತ್ತಿರಲಿಲ್ಲ.

ಕಾಗದದ ಹುಚ್ಚು ನನಗೆ ಅಂಟಿದ್ದು ಅವಳಿಂದಲೇ. ಮದುವೆಯಾಗಿ ಬರುವಾಗ ಬೇರೆಯವರು ಹಪ್ಪಳ, ಸಾರಿನಪುಡಿ ಕಟ್ಟಿಕೊಂಡು ಬಂದರೆ, ಅಮ್ಮ ಮೈಸೂರಿನಿಂದ ಒಂದು ದಪ್ಪ ಆಲ್ಬಮ್ ಹೊತ್ತು ತಂದಿದ್ದಳಂತೆ. ಅದರ ತುಂಬ ಅವಳು ಹೈಸ್ಕೂಲಿನಿಂದ ಕೂಡಿಟ್ಟ ಗ್ರೀಟಿಂಗ್ ಕಾರ್ಡುಗಳು. ಮುಟ್ಟಿದರೆ ಬೆರಳಿಗೆ ಮಿಂಚು ಹತ್ತುವ ಹೊಸವರ್ಷದ ಕಾರ್ಡುಗಳು, ಬಿಡಿಸಿದರೆ ಒಳಗಿನಿಂದ ಗುಲಾಬಿ ಎದ್ದು ನಿಲ್ಲುವಂಥವು, ಬ್ಯಾಟರಿ ಮುಗಿದು ಹಾಡು ನಿಲ್ಲಿಸಿದಂಥವು. ಮೈಸೂರಿನಲ್ಲಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದವಳು ಇಲ್ಲಿ ಮನೆಯಲ್ಲೇ ಇದ್ದಳು. ಅಪ್ಪ ಬೆಳಗ್ಗೆ ಚಾಂಗಿ ಕಡೆಯ ಆಫೀಸಿಗೆ ಹೋದರೆ ಸಂಜೆ ದೀಪ ಹಚ್ಚಿದ ಮೇಲೆ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಅಮ್ಮ, ನಾನು ಮತ್ತು ನಮ್ಮ ಕಾಗದಗಳು.

ಶನಿವಾರ ಬೆಳಗ್ಗೆ ಇಡ್ಲಿ ತಿಂದವರೇ ನಾವಿಬ್ಬರೂ ಹೊರಡುತ್ತಿದ್ದೆವು. ಎರಡು ಬ್ಲಾಕ್ ದಾಟಿದರೆ ಮಾರ್ಕೆಟ್ಟಿನ ಪಕ್ಕದಲ್ಲಿ ವಯಸ್ಸಾದ ಚೀನೀ ಹೆಂಗಸೊಬ್ಬಳ ಸ್ಟೇಷನರಿ ಅಂಗಡಿ. ಅವಳ ಹೆಸರು ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆಂಟಿ ಎನ್ನುತ್ತಿದ್ದೆವು, ಅಷ್ಟೇ. ಒಳಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ, ನುಸಿಗುಳಿಗೆಯ ವಾಸನೆ, ಪಕ್ಕದ ಕಾಫಿ ಅಂಗಡಿಯಿಂದ ಬರುವ ಬೆಣ್ಣೆಯಲ್ಲಿ ಹುರಿದ ಕಾಫಿಬೀಜದ ಘಮ, ಮೂರೂ ಕಲಸಿಕೊಂಡು ಮೂಗಿಗೆ ಬಡಿಯುತ್ತಿದ್ದವು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನ ಮೇಲೆ ಅವಳ ಬೆಕ್ಕು ಮಲಗಿರುತ್ತಿತ್ತು. ದೇಶದೇಶಗಳ ಬಾವುಟವಿದ್ದ ಪುಟ್ಟ ರಬ್ಬರುಗಳು ಗಾಜಿನ ಡಬ್ಬಿಯಲ್ಲಿ ತುಂಬಿರುತ್ತಿದ್ದವು. ಶಾಲೆಯ ರಿಸೆಸ್ಸಿನಲ್ಲಿ ಎಲ್ಲರೂ ಅವನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಚಿಮ್ಮಿ ಆಡುತ್ತಿದ್ದರು. ನಮ್ಮ ರಬ್ಬರು ಇನ್ನೊಬ್ಬರ ರಬ್ಬರಿನ ಮೇಲೆ ಹತ್ತಿ ಕೂತರೆ ಅದು ನಮ್ಮದು. ನಾನು ಮಾತ್ರ ಆಡುತ್ತಿರಲಿಲ್ಲ. ಸೋತರೆ ಕೊಟ್ಟುಬಿಡಬೇಕಲ್ಲ!

ಅಮ್ಮನದು ಕಾರ್ಡುಗಳ ತಿರುಗುವ ಸ್ಟ್ಯಾಂಡು. ಒಂದೊಂದನ್ನೇ ತೆಗೆದು, ಮೂಸಿ, ಹೆಬ್ಬೆರಳಿನಿಂದ ಕಾಗದದ ದಪ್ಪ ನೋಡಿ, ಬೇಕೆನಿಸಿದ್ದನ್ನು ಎರಡೆರಡು ಕೊಳ್ಳುತ್ತಿದ್ದಳು. "ಒಂದು ಇಟ್ಕೊಳ್ಳೋಕೆ, ಒಂದು ಕಳ್ಸೋಕೆ" ಅನ್ನುವುದು ಅವಳ ಕಟ್ಟಳೆ. ಕೊಂಡ ದಿನವೇ ಊಟದ ಮೇಜಿನ ಮೇಲೆ ಕೂತು ಎರಡನೆಯದರಲ್ಲಿ ನಾಲ್ಕು ಸಾಲು ಬರೆದು ಮೈಸೂರಿಗೋ ಮಂಡ್ಯಕ್ಕೋ ಯಾರಿಗೋ ಹಾಕಿಬಿಡುತ್ತಿದ್ದಳು. "ನಾಳೆ ಬರೀತೀನಿ ಅಂತ ಇಡಬಾರ್ದು ಕಣೆ" ಅನ್ನುತ್ತಿದ್ದಳು. ನಾನು ಎರಡನ್ನೂ ಇಟ್ಟುಕೊಳ್ಳುತ್ತಿದ್ದೆ. ನನ್ನ ಮಂಚದ ಕೆಳಗೆ ಎರಡು ಪ್ಲಾಸ್ಟಿಕ್ ಪೆಟ್ಟಿಗೆಗಳಿದ್ದವು: ಸ್ಟ್ರಾಬೆರಿ ವಾಸನೆಯ ಪೆನ್ನುಗಳು, ಒಂದೇ ಒಂದು ಹಾಳೆಯೂ ಹರಿಯದ ಲೆಟರ್ ಪ್ಯಾಡುಗಳು, ಅಂಟಿಸದ ಸ್ಟಿಕರುಗಳು.

ಆಲ್ಬಮ್ಮಿನ ಕೊನೆಯ ಪುಟಗಳಲ್ಲಿ ಅಂಗಡಿಯದ್ದಲ್ಲದ ಹನ್ನೆರಡು ಕಾರ್ಡುಗಳಿದ್ದವು. ಅಮ್ಮನ ಹುಟ್ಟುಹಬ್ಬಕ್ಕೆಂದು ಅವಳ ಗೆಳತಿ ರುಕ್ಮಿಣಿ ವರ್ಷಕ್ಕೊಂದರಂತೆ ಕೈಯಿಂದ ಬಿಡಿಸಿ ಕೊಟ್ಟವು. ಇಬ್ಬರೂ ಹೈಸ್ಕೂಲಿನಿಂದ ಕಾಲೇಜಿನವರೆಗೆ ಒಂದೇ ಬೆಂಚು. ಅಮ್ಮ ಅವರನ್ನು ರುಕ್ಕು ಅನ್ನುತ್ತಿದ್ದಳು. ಕೊನೆಯ ಕಾರ್ಡು ಮಾತ್ರ ಸಿಂಗಪುರಕ್ಕೆ ಅಂಚೆಯಲ್ಲಿ ಬಂದದ್ದು. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ನೀರುಬಣ್ಣ: ಗುಲ್‌ಮೊಹರ್ ಮರದ ಕೆಳಗೆ ಎರಡು ಲೇಡೀಸ್ ಸೈಕಲ್ಲುಗಳು, ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಎರಡರ ಕ್ಯಾರಿಯರ್ ಮೇಲೂ ಉದುರಿದ ಕೆಂಪು ಹೂ. ಮನುಷ್ಯರಿಲ್ಲ. ಮೂಲೆಯಲ್ಲಿ ಇರುವೆಯಷ್ಟು ಪುಟ್ಟದಾಗಿ 'ರು' ಎಂಬ ಅಕ್ಷರ. ಒಳಗೆ ನೀಲಿ ಇಂಕಿನಲ್ಲಿ ಪುಟದ ತುಂಬ ಬರಹ.

"ಏನ್ ಬರ್ದಿದಾರಮ್ಮಾ?" ಎಂದು ಒಮ್ಮೆ ಕೇಳಿದ್ದೆ.

"ನೀನೇ ಓದು. ಕನ್ನಡ ಕಲ್ತ್ಕೋ, ಆಮೇಲೆ ಓದು."

"ಈಗ ಎಲ್ಲಿದಾರೆ ರುಕ್ಕು ಆಂಟಿ?"

"ಈಗ ಇಲ್ಲ ಕಣೆ" ಅಂದಳು ಅಮ್ಮ. ಮೈಸೂರಿನಲ್ಲಿಲ್ಲ, ಎಲ್ಲೋ ಬೇರೆ ಊರಿಗೆ ಹೋಗಿದ್ದಾರೆ ಎಂದು ನಾನು ತಿಳಿದೆ.

ಶಾಲೆಯ ದಾಖಲೆಯಲ್ಲಿ ನನ್ನ ಮಾತೃಭಾಷೆ ಹಿಂದಿ. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಅಮ್ಮ ಮೈಸೂರಿನಿಂದ ಕಾಪಿಪುಸ್ತಕ ತರಿಸಿ ಅ ಆ ಇ ಈ ತಿದ್ದಿಸಲು ನೋಡಿದ್ದಳು. ಎರಡು ವಾರ ಕೂತು ನಾನು ಎದ್ದುಬಿಟ್ಟೆ. "ಇದರ ಎಕ್ಸಾಮ್ ಇಲ್ವಲ್ಲಮ್ಮಾ, ಯಾಕ್ ಕಲೀಬೇಕು?" ಅಂದೆ. ಅಮ್ಮ ಪುಸ್ತಕ ಮುಚ್ಚಿಟ್ಟಳು.

ಆ ವರ್ಷ ಶಾಲೆಯಲ್ಲಿ ಗ್ರೀಟಿಂಗ್ ಕಾರ್ಡು ಮಾಡುವ ಸ್ಪರ್ಧೆ ಇಟ್ಟರು. ವಿಷಯ: ಸ್ನೇಹ. ಎಲ್ಲರೂ ಮನೆಯಿಂದ ಒಂದೊಂದು ಕಾರ್ಡು ಮಾಡಿಕೊಂಡು ಬರಬೇಕು, ಗೆದ್ದವರಿಗೆ ಸಭೆಯಲ್ಲಿ ಬಹುಮಾನ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಶಿ ಹುಯಿ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದಳು. ಒಂದು ಮೊಂಡು ಪೆನ್ಸಿಲ್ ಸಾಕು ಅವಳಿಗೆ. ಅವತ್ತು ನಾನು ನನ್ನ ಮೂರು ಅಂತಸ್ತಿನ ಪೆನ್ಸಿಲ್ ಬಾಕ್ಸ್ ತೆರೆದು, ನಲವತ್ತೆಂಟು ಬಣ್ಣದ ಪೆನ್ನುಗಳನ್ನು ಮೇಜಿನ ಮೇಲೆ ಜೋಡಿಸಿ, ಮಧ್ಯದಲ್ಲೊಂದು ಬೆಕ್ಕು ಬಿಡಿಸಿದೆ. ಅದು ಆಲೂಗಡ್ಡೆಗೆ ಕಿವಿ ಬಂದ ಹಾಗಿತ್ತು. ಶಿ ಹುಯಿ ಇಣುಕಿ ನೋಡಿ, "ಸೋ ಮೆನಿ ಪೆನ್ಸ್, ಬಟ್ ಕೆನಾಟ್ ಡ್ರಾ, ಲಾ!" ಅಂದಳು. ಅವಳ ಮಾತಿನಲ್ಲಿ ವಿಷವಿರಲಿಲ್ಲ. ಆದರೆ ಇಡೀ ಸಾಲು ನಕ್ಕಿತು. ಟೀಚರ್ ಮಿಸ್ ಲಿಮ್ ಕೂಡ ತುಟಿ ಕಚ್ಚಿಕೊಂಡು ನಗು ತಡೆದದ್ದು ನನಗೆ ಕಂಡಿತು.

ಮರುದಿನ ಮಧ್ಯಾಹ್ನ ಅಮ್ಮ ತರಕಾರಿಗೆ ಹೋಗಿದ್ದಾಗ ನಾನು ಆಲ್ಬಮ್ ತೆಗೆದು ಎರಡು ಸೈಕಲ್ಲಿನ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ಜಾರಿಸಿಕೊಂಡೆ. ಸ್ಪರ್ಧೆ ಮುಗಿದ ಮೇಲೆ ಎಲ್ಲರ ಕಾರ್ಡನ್ನೂ ವಾಪಸ್ ಕೊಡುತ್ತೇವೆ ಎಂದು ಮಿಸ್ ಲಿಮ್ ಹೇಳಿದ್ದರು. ಒಂದು ವಾರದ ಮಾತು. ಅಮ್ಮ ಆ ಪುಟ ತೆರೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ತನ್ನ ಹುಟ್ಟುಹಬ್ಬದ ದಿನ. ಅದಿನ್ನೂ ದೂರವಿತ್ತು.

ಒಳಗಿನ ನೀಲಿ ಬರಹ ಕಾಣಬಾರದಲ್ಲ. ನನ್ನ ಪೆಟ್ಟಿಗೆಯಿಂದ, ಅದುವರೆಗೂ ಮುಟ್ಟದಿದ್ದ ಕೆನೆಬಣ್ಣದ ದಪ್ಪ ಹಾಳೆಯೊಂದನ್ನು ತೆಗೆದು, ಅಳತೆಗೆ ಕತ್ತರಿಸಿ, ಗೋಂದು ಸವರಿ ಆ ಬರಹದ ಮೇಲೆ ಅಂಟಿಸಿದೆ. ನಾಲ್ಕೂ ಅಂಚನ್ನು ಸ್ಕೇಲಿನಿಂದ ಒತ್ತಿ ಒತ್ತಿ ಉಜ್ಜಿದೆ. ಅದರ ಮೇಲೆ ಬಂಗಾರದ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ಶುಭಾಶಯ ಬರೆದೆ. ಮೂಲೆಯ 'ರು' ಮೇಲೆ ಒಂದು ಕೆಂಪು ಹೂವಿನ ಸ್ಟಿಕರ್ ಅಂಟಿಸಿದೆ. ಉದುರಿದ ಹೂಗಳ ನಡುವೆ ಅದೂ ಒಂದು ಹೂವಾಗಿ ಸೇರಿಹೋಯಿತು. ಕೆಲಸ ಎಷ್ಟು ಚೊಕ್ಕಟವಾಗಿ ಬಂದಿತ್ತೆಂದರೆ, ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

ಹತ್ತು ದಿನದ ಮೇಲೆ ಮಿಸ್ ಲಿಮ್ ನನ್ನನ್ನು ಮುಂದೆ ಕರೆದು ಭುಜದ ಮೇಲೆ ಕೈಯಿಟ್ಟು, ನನ್ನ ಕಾರ್ಡು ಇಡೀ ಶಾಲೆಗೇ ಮೊದಲು ಬಂದಿದೆ ಎಂದು ಸಾರಿದರು. ಮನುಷ್ಯರೇ ಇಲ್ಲದ ಚಿತ್ರದಲ್ಲಿ ಇಷ್ಟೊಂದು ಸ್ನೇಹ ತುಂಬಿದ್ದಾಳೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿ ಹುಯಿ ನನ್ನನ್ನು ನೋಡುತ್ತಲೇ ಇದ್ದಳು, ತಟ್ಟಲಿಲ್ಲ.

ಕ್ಲಾಸು ಬಿಟ್ಟ ಮೇಲೆ ನಾನು ಟೀಚರ್ ಹತ್ತಿರ ಹೋಗಿ ಕಾರ್ಡು ಯಾವಾಗ ವಾಪಸ್ ಸಿಗುತ್ತದೆ ಎಂದು ಕೇಳಿದೆ.

"ಬೇರೆಯವರದ್ದು ಶುಕ್ರವಾರ ಕೊಡ್ತೀವಿ. ನಿನ್ನದಕ್ಕೆ ಫ್ರೇಮ್ ಹಾಕಿಸ್ತಿದೀವಿ" ಎಂದರು ಇಂಗ್ಲಿಷಿನಲ್ಲಿ.

"ನನಗೆ ಫ್ರೇಮ್ ಬೇಡ."

ಅವರು ನಕ್ಕುಬಿಟ್ಟರು. ಎಂಥ ನಾಚಿಕೆಯ ಹುಡುಗಿ ಎಂದುಕೊಂಡಿರಬೇಕು.

ಬಹುಮಾನದ ಸಭೆಗೆ ಅಪ್ಪ ಅಮ್ಮನನ್ನು ಕರೆದ ಪತ್ರ ಮನೆಗೆ ಬಂತು. ಅಮ್ಮ ಓದಿ ನನ್ನನ್ನು ತಬ್ಬಿಕೊಂಡಳು. ಅವಳು ಯಾರನ್ನೂ ಹಾಗೆ ತಬ್ಬುವವಳಲ್ಲ. ಗಸಗಸೆ ಪಾಯಸ ಮಾಡಿದಳು. ಮೈಸೂರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದಳು. "ನನಗಂತೂ ಒಂದ್ ಗೆರೆ ನೆಟ್ಟಗೆ ಎಳಿಯೋಕೆ ಬರಲ್ಲ, ಇವಳಿಗೆ ಬಂದಿದೆ ನೋಡಮ್ಮಾ" ಅಂದಳು. ಫೋನಿಟ್ಟು ನನ್ನ ಕಡೆ ತಿರುಗಿ, "ರುಕ್ಕು ಇದ್ದಿದ್ರೆ ಎಷ್ಟ್ ಖುಷಿ ಪಡೋಳೋ" ಅಂದಳು. 'ಇದ್ದಿದ್ರೆ' ಎಂಬ ಮಾತು ಕೇಳಿ ನಾನು ಪಾಯಸದ ಬಟ್ಟಲನ್ನು ಕೆಳಗಿಟ್ಟೆ.

"ಏನ್ ಡ್ರಾ ಮಾಡಿದೀಯೇ? ಹೇಳು."

"ಸರ್‌ಪ್ರೈಸ್" ಅಂದೆ.

ಆಗ ಹೇಳಬಹುದಿತ್ತು. ಸಭೆಗಿನ್ನೂ ಐದು ದಿನವಿತ್ತು. ಆ ಐದು ದಿನವೂ ಅಮ್ಮ ಜಡೆ ಹೆಣೆಯುವಾಗ, ತಟ್ಟೆಗೆ ಅನ್ನ ಬಡಿಸುವಾಗ, ಬಸ್ ಸ್ಟಾಪಿನಲ್ಲಿ ನಿಂತಿರುವಾಗ ನಾನು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ.

ಸಭೆಯ ದಿನ ಅಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದಳು. ಶಾಲೆಗೆ ಅವಳು ಸೀರೆ ಉಟ್ಟು ಬಂದದ್ದು ಅದೇ ಮೊದಲು. ಅಪ್ಪ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಇಬ್ಬರೂ ಎರಡನೇ ಸಾಲಿನಲ್ಲಿ ಕೂತಿದ್ದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ಹೆಸರು ಕರೆದರು. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಕಾರ್ಡು ಮೂಡಿತು, ಗೋಡೆಯಷ್ಟು ದೊಡ್ಡದಾಗಿ. ಕೆಂಪು ಹೂಗಳು ಒಂದೊಂದೂ ಅಂಗೈಯಗಲ ಕಾಣುತ್ತಿದ್ದವು.

ನಾನು ನೋಡಬಾರದು ಎಂದುಕೊಂಡೇ ಅಮ್ಮನನ್ನು ನೋಡಿದೆ. ಅವಳು ಆಗಲೇ ಚಪ್ಪಾಳೆ ತಟ್ಟಲು ಶುರುಮಾಡಿದ್ದಳು. ಕೈಗಳು ಹಾಗೆಯೇ ಅರ್ಧಕ್ಕೆ ನಿಂತವು. ಮುಖದಲ್ಲಿ ಮೊದಲು ಕಂಡದ್ದು ಕೋಪವಲ್ಲ, ಸಂತೋಷ. ಬಹಳ ದಿನದ ಮೇಲೆ ಸಂತೆಯಲ್ಲಿ ಪರಿಚಿತರು ಎದುರಾದರೆ ಮುಖ ಅರಳುತ್ತದಲ್ಲ, ಹಾಗೆ. ಮರುಕ್ಷಣ ಅವಳ ಕಣ್ಣು ಪರದೆಯಿಂದ ನನ್ನ ಮೇಲೆ ಬಂತು. ಅಕ್ಕಪಕ್ಕದ ತಂದೆತಾಯಿಯರು ಅವಳ ಕಡೆ ತಿರುಗಿ ಅಭಿನಂದಿಸುತ್ತಿದ್ದರು. ಅಮ್ಮ ಮತ್ತೆ ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ ತಟ್ಟಿದಳು.

ಮುಖ್ಯ ಅತಿಥಿಯಾಗಿ ಬಂದಿದ್ದ ಬೆಳ್ಳಿಗೂದಲ ಹೆಂಗಸು ಬಗ್ಗಿ ನನ್ನ ಕೈ ಕುಲುಕಿ, "ನೀನೇ ಬಿಡಿಸಿದ್ದಾ?" ಎಂದು ಕೇಳಿದರು.

"ಯೆಸ್" ಅಂದೆ. ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿಸಿತು.

ಆಮೇಲೆ ಪ್ರಿನ್ಸಿಪಾಲರು ಫ್ರೇಮು ಹಾಕಿದ ಕಾರ್ಡನ್ನು ನನ್ನ ಕೈಗೆ ಕೊಟ್ಟರು. ನನಗೇ ಕೊಟ್ಟರು ಎಂದು ಒಂದು ಗಳಿಗೆ ಎದೆ ಹಗುರಾಯಿತು. ಅದನ್ನು ಶಾಲೆಯ ನೆನಪಿನ ಕಾಣಿಕೆಯಾಗಿ ಅತಿಥಿಗೆ ಕೊಡು ಎಂದರು. ನನ್ನ ಕೈಯಾರೆ ಕೊಟ್ಟೆ. ಅಪ್ಪ ಮುಂದೆ ಬಂದು ಫೋನಿನಲ್ಲಿ ಫೋಟೋ ತೆಗೆದರು. ಆ ಫೋಟೋ ಇವತ್ತಿಗೂ ಇದೆ. ನಾನು, ಆ ಹೆಂಗಸು, ನಡುವೆ ಫ್ರೇಮು. ಗಾಜಿಗೆ ಬೆಳಕು ಬಡಿದು ಚಿತ್ರ ಇರಬೇಕಾದ ಜಾಗದಲ್ಲಿ ಬರೀ ಬಿಳಿ.

ಹೊರಗೆ ಬಂದಾಗ ಅಪ್ಪ, "ನಡೀರಿ, ಹೋಟ್ಲಲ್ಲಿ ದೋಸೆ ತಿನ್ನೋಣ, ಸೆಲಬ್ರೇಟ್ ಮಾಡೋಣ" ಅಂದರು. ಅಮ್ಮ ತಲೆನೋವು ಅಂದಳು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಮನೆಗೆ ಬಂದು ಸೀರೆ ಬದಲಿಸದೆ ಸೀದಾ ಆಲ್ಬಮ್ ತೆಗೆದಳು. ಖಾಲಿ ಕವರಿನೊಳಗೆ ಎರಡು ಬೆರಳು ಹಾಕಿ ನೋಡಿದಳು, ಎಲ್ಲಾದರೂ ಇನ್ನೂ ಉಳಿದಿದೆಯೇನೋ ಎಂಬಂತೆ.

"ಒಳಗಡೆ ಬರ್ದಿತ್ತಲ್ಲ, ಅದನ್ನೇನ್ ಮಾಡ್ದೆ?"

"ಪೇಪರ್ ಅಂಟಿಸ್ದೆ."

"ಪೂರ್ತಿನಾ?"

"ಹೂಂ."

ಅಷ್ಟೇ ಅವಳು ಕೇಳಿದ್ದು. ಕೂಗಾಡಿದವರು ಅಪ್ಪ. ವಿಷಯ ಗೊತ್ತಾದ ಕೂಡಲೇ ಅವರ ಮುಖ ಕೆಂಪೇರಿತು. "ನಾಳೆನೇ ಹೋಗಿ ಪ್ರಿನ್ಸಿಪಾಲ್ ಹತ್ರ ನಿಜ ಹೇಳ್ಲಿ. ಸರ್ಟಿಫಿಕೇಟ್ ವಾಪಸ್ ಕೊಡ್ಲಿ. ಕಾರ್ಡು ಕೇಳಿ ಇಸ್ಕೊಂಡ್ ಬರೋಣ" ಎಂದರು.

"ಇನ್ನೂ ಒಂದೂವರೆ ವರ್ಷ ಅದೇ ಸ್ಕೂಲಲ್ಲಿ ಓದ್ಬೇಕು ಅವಳು. ಕಳ್ಳಿ ಅಂತ ಹೆಸರು ಹತ್ಕೊಂಡ್ರೆ ಹೋಗಲ್ಲ ರೀ" ಎಂದಳು ಅಮ್ಮ.

"ಮಾಡಿದ್ದು ಕಳ್ಳತನ ಅಲ್ವಾ ಸುಮಾ?"

ಅಮ್ಮ ನನ್ನ ಎದುರು ನೆಲದ ಮೇಲೆ ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು. "ನಾನ್ ಬಲವಂತ ಮಾಡಲ್ಲ ಪುಟ್ಟಿ. ನೀನಾಗೇ ಮಿಸ್ ಲಿಮ್‌ಗೆ ಹೇಳ್ತೀಯಾ? ನಾನೂ ಜೊತೆಗ್ ಬರ್ತೀನಿ. ನಿನ್ ಪಕ್ಕದಲ್ಲೇ ನಿಂತಿರ್ತೀನಿ" ಅಂದಳು.

ಅವಳ ಕೈ ತಣ್ಣಗಿತ್ತು. ನನಗೆ ಶಿ ಹುಯಿಯ ಮುಖ ಕಣ್ಣಮುಂದೆ ಬಂತು, ಇಡೀ ಸಾಲು ನಕ್ಕದ್ದು ನೆನಪಾಯಿತು.

"ಎಲ್ಲಾರೂ ನಗ್ತಾರೆ. ನಾನ್ ಹೇಳಲ್ಲ" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಒಂದ್ ಹಳೇ ಕಾರ್ಡಿಗೆ ಯಾಕಮ್ಮಾ ಇಷ್ಟೊಂದು? ಇನ್ನೂ ಹನ್ನೊಂದು ಇದೆಯಲ್ಲ" ಎಂದೂ ಅಂದೆ.

ಅಮ್ಮ ಕೈ ಬಿಟ್ಟಳು. ಮತ್ತೆ ಆ ಮಾತನ್ನು ನನ್ನ ಹತ್ತಿರ ಎತ್ತಲಿಲ್ಲ.

ಎರಡು ದಿನದ ಮೇಲೆ, ನಾನು ಶಾಲೆ ಬಿಟ್ಟು ಮನೆಗೆ ಬಂದ ಮೇಲೆ, ಅವಳು ಒಬ್ಬಳೇ ಶಾಲೆಯ ಆಫೀಸಿಗೆ ಹೋದಳು. ಅವಳು ಹೊರಟ ಮೇಲೆ, ಅವತ್ತು ರಜೆ ಹಾಕಿದ್ದ ಅಪ್ಪ ನನ್ನನ್ನು ಮನೆಯ ಮುಂದಿನ ಕಾರಿಡಾರಿಗೆ ಕರೆದರು. ಕಟಕಟೆಗೆ ಒರಗಿ, ಕೆಳಗಿನ ಆಟದ ಬಯಲನ್ನು ನೋಡುತ್ತಾ ಹೇಳಿದರು. ಆ ಕಾರ್ಡು ಬಂದಾಗ ನಾನು ಎರಡು ತಿಂಗಳ ಕೂಸು. ಅಮ್ಮನಿಗೆ ಹೊಸ ಊರು, ನೆರವಿಗೆ ಯಾರೂ ಇಲ್ಲ. ನಾನೋ ಹಗಲೂ ರಾತ್ರಿಯೂ ಅಳುವ ಮಗು. ರುಕ್ಕುವಿಗೆ ನಾಳೆ ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ಅಮ್ಮ ದಿನ ತಳ್ಳಿದಳು. ಉತ್ತರವಾಗಿ ಕಳಿಸಲು ಕಾರ್ಡೊಂದನ್ನು ಕೊಂಡು ತಂದೂ ಇಟ್ಟಿದ್ದಳು. ಅಷ್ಟರಲ್ಲಿ ರುಕ್ಮಿಣಿ ತೀರಿಹೋದ ಸುದ್ದಿ ಬಂತು. ಕಾಯಿಲೆ ಇತ್ತಂತೆ. ಆ ಕಾರ್ಡು ಬರೆಯುವಾಗಲೇ ಅವರಿಗೆ ಗೊತ್ತಿತ್ತಂತೆ, ಅಮ್ಮನನ್ನು ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲವಂತೆ.

"ಅದ್ರಲ್ಲೇ ಬರ್ದಿದ್ರು. ನನಗೂ ಓದಕ್ ಕೊಡ್ಲಿಲ್ಲ ನಿಮ್ಮಮ್ಮ" ಎಂದರು ಅಪ್ಪ.

ಲಿಫ್ಟಿನ ಸದ್ದಾಯಿತು. ಅಮ್ಮ ಬರಿಗೈಯಲ್ಲಿ ಬಂದಳು. ಏನು ಹೇಳಿ ಕೇಳಿದಳೆಂದು ಅವಳು ಅಪ್ಪನಿಗೆ ಹೇಳುತ್ತಿದ್ದದ್ದು ಅಡಿಗೆಮನೆಯಿಂದ ಕೇಳಿಸಿತು. ಮಗಳು ಬಿಡಿಸಿದ ಮೊದಲ ಚಿತ್ರ, ಅದನ್ನು ಇಟ್ಟುಕೊಳ್ಳಬೇಕೆಂದು ಆಸೆ, ಬದಲಿಗೆ ಬೇರೆ ಯಾವ ಕಾಣಿಕೆ ಬೇಕಾದರೂ ಕೊಡುತ್ತೇವೆ ಎಂದು ಬೇಡಿಕೊಂಡಿದ್ದಳು. ಆಫೀಸಿನವರು ಬಹಳ ಸೌಜನ್ಯದಿಂದ, ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ಕೇಳಿದರೆ ಚೆನ್ನಾಗಿರುವುದಿಲ್ಲ ಮೇಡಂ, ನಿಮ್ಮ ಮಗಳು ಇನ್ನೊಂದು ಬಿಡಿಸಿಕೊಡಬಹುದಲ್ಲ ಎಂದಿದ್ದರು. ಒಂದು ಸಣ್ಣ ಸುಳ್ಳಿಗೂ ನನ್ನ ಕಿವಿ ಹಿಂಡುತ್ತಿದ್ದ ಅಮ್ಮ ನನಗಾಗಿ ಅಷ್ಟುದ್ದದ ಸುಳ್ಳು ಹೇಳಿ ಬಂದಿದ್ದಳು.

ಆ ವಾರವೇ ಮಿಸ್ ಲಿಮ್ ನನ್ನನ್ನು ಆರ್ಟ್ ರೂಮಿಗೆ ಕರೆದರು. ಒಂದು ಬಿಳಿ ಹಾಳೆ, ಬ್ರಷ್, ಬಣ್ಣದ ತಟ್ಟೆ ಮುಂದಿಟ್ಟು, ಆ ಸೈಕಲ್ಲುಗಳನ್ನು ಇನ್ನೊಂದು ಸಲ ಬಿಡಿಸು ಎಂದರು. ನಾನು ಬಿಡಿಸಿದೆ. ಚಕ್ರಗಳು ಮೊಟ್ಟೆಯಾದವು. ಬಣ್ಣ ಹರಿದು ಮರ ನೆಲಕ್ಕಿಳಿಯಿತು. ಮಿಸ್ ಲಿಮ್ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಎರಡಾಗಿ ಮಡಿಸಿ, "ಓಕೆ. ಯೂ ಕ್ಯಾನ್ ಗೋ" ಅಂದರು. ಅಷ್ಟೇ. ವರ್ಷ ಮುಗಿಯುವವರೆಗೂ ಅವರು ನನ್ನನ್ನು ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ, ಮತ್ತೆಂದೂ ನನ್ನ ಭುಜದ ಮೇಲೆ ಕೈಯಿಡಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರಾದರೊಬ್ಬರು ನನ್ನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದರೆ ಅದೆಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತೋ ಏನೋ.

ಬಹುಮಾನವಾಗಿ ಬಂದದ್ದು ಪುಸ್ತಕದ ಅಂಗಡಿಯ ವೋಚರು. ಅದು ಫ್ರಿಜ್ಜಿನ ಮೇಲೆ ಬಿದ್ದು ಬಿದ್ದು ಅವಧಿ ಮುಗಿಯಿತು. ಮುಂದಿನ ಶನಿವಾರ ಬೆಳಗ್ಗೆ ಇಡ್ಲಿ ತಿಂದು ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

"ನೀನ್ ಹೋಗ್ಬಾ" ಅಂದಳು, ಹಿಂತಿರುಗಿ ನೋಡದೆ.

ನಾನು ಹೋದೆ. ಅಂಗಡಿಯ ಆಂಟಿ ನನ್ನ ಹಿಂದೆ ಇಣುಕಿ, "ಮಮ್ಮಿ ನಾಟ್ ಕಮಿಂಗ್, ಆ?" ಎಂದು ಕೇಳಿದಳು. ಹುಷಾರಿಲ್ಲ ಎಂದೆ. ಅದರ ಮುಂದಿನ ಶನಿವಾರವೂ ಹುಷಾರಿಲ್ಲ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಬೆಕ್ಕನ್ನು ಎತ್ತಿ ಪಕ್ಕಕ್ಕಿಟ್ಟು ನನಗೊಂದು ಪುಕ್ಕಟೆ ರಬ್ಬರು ಕೊಟ್ಟಳು.

ಅಮ್ಮ ಆಲ್ಬಮ್ಮನ್ನು ಹಳೆಯ ಸೀರೆಯಲ್ಲಿ ಸುತ್ತಿ ಸ್ಟೋರ್ ರೂಮಿನ ಮೇಲಿನ ಹಲಗೆಗೆ ಏರಿಸಿದಳು. ಹುಟ್ಟುಹಬ್ಬ ಬಂತು, ಇಳಿಸಲಿಲ್ಲ. ಕಾರ್ಡು ಕೊಳ್ಳುವುದು, ಬರೆಯುವುದು ಎರಡನ್ನೂ ಬಿಟ್ಟಳು. ದೀಪಾವಳಿಗೆ ಅವಳೂ ಎಲ್ಲರಂತೆ ಫೋನಿನಲ್ಲಿ ಮಿನುಗುವ ಚಿತ್ರ ಕಳಿಸತೊಡಗಿದಳು. ನನ್ನೊಡನೆ ಮಾತು ಬಿಟ್ಟಳೆಂದಲ್ಲ. ಜಡೆ ಹೆಣೆದಳು, ಟಿಫಿನ್ ಕಟ್ಟಿದಳು, ಪರೀಕ್ಷೆಗೆ ಓದಿಸಿದಳು, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಇಟ್ಟಳು. ಆದರೆ ತನಗೆ ಇಷ್ಟವಾದದ್ದನ್ನು "ನೋಡೇ ಪುಟ್ಟಿ, ಇಲ್ ನೋಡೇ" ಎಂದು ಓಡಿಬಂದು ತೋರಿಸುತ್ತಿದ್ದಳಲ್ಲ, ಅದು ನಿಂತುಹೋಯಿತು.

ಆ ಅಂಗಡಿ ನಾನು ಸೆಕೆಂಡರಿಗೆ ಹೋಗುವ ಹೊತ್ತಿಗೆ ಮುಚ್ಚಿತು. ಈಗ ಅಲ್ಲಿ ಬಬಲ್ ಟೀ ಮಾರುತ್ತಾರೆ. ನನ್ನ ಓರಗೆಯವರು ಸೇರಿದಾಗ ರಬ್ಬರಿನ ಆಟ, ವಾಸನೆಯ ಪೆನ್ನು, ಕಾರ್ಡುಗಳನ್ನು ನೆನೆಸಿಕೊಂಡು, ಎಲ್ಲ ಹೋಯಿತು, ಕಾಲ ಎಲ್ಲವನ್ನೂ ಒಯ್ದುಬಿಟ್ಟಿತು ಎಂದು ಹಲುಬುತ್ತಾರೆ. ನಾನು ಸುಮ್ಮನೆ ಕೇಳುತ್ತೇನೆ. ಕಾಲದ ಮೇಲೆ ಹೊರಿಸಬಹುದಾದ ನಷ್ಟ ಅವರದು. ಅವರಿಗೆ ಅಷ್ಟಾದರೂ ನೆಮ್ಮದಿಯಿದೆ.

ನನ್ನ ಹುಚ್ಚು ಮಾತ್ರ ಬಿಡಲಿಲ್ಲ. ಕೆಲಸ ಸಿಕ್ಕಿ ಜುರಾಂಗ್ ಈಸ್ಟಿನಲ್ಲಿ ರೂಮು ಮಾಡಿದ ಮೇಲೆ ಅದು ಹೆಚ್ಚೇ ಆಗಿದೆ. ಎರಡು ಬೀರುಗಳ ತುಂಬ ಕಾಗದ, ಇಂಕು, ಕಾರ್ಡು. ಎಲ್ಲಿಗೆ ಹೋದರೂ ಕೊಂಡು ತರುತ್ತೇನೆ. ಮೇಜಿನ ಮೇಲೆ ಹರಡಿಕೊಂಡು ನೋಡುತ್ತೇನೆ. ಮೊದಲಿನ ಸಂತೋಷ ಬರುವುದಿಲ್ಲ, ಕೊಳ್ಳದೆ ಇರಲೂ ಆಗುವುದಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಭಾನುವಾರದ ಕನ್ನಡ ಕ್ಲಾಸಿಗೆ ಸೇರಿ, ಹತ್ತು ವರ್ಷದ ಮಕ್ಕಳ ಜೊತೆ ಕೂತು ಅಕ್ಷರ ತಿದ್ದಿದೆ. ಯಾರಾದರೂ ಯಾಕೆಂದು ಕೇಳಿದರೆ ಭಾಷಾಭಿಮಾನ ಎಂದು ಹೇಳುತ್ತಿದ್ದೆ. ಅದೂ ಸುಳ್ಳೇ.

ಹೋದ ತಿಂಗಳು ಟ್ಯಾಂಪಿನೀಸಿನ ಮನೆಗೆ ಹೋಗಿದ್ದಾಗ ಅಮ್ಮ ಸೋಫಾದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನಾಲ್ಕು ಕಡ್ಡಿ ಬಿಡಿಸಿ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅಮ್ಮಾ, ಆ ಕಾರ್ಡಲ್ಲಿ ಏನ್ ಬರ್ದಿದ್ರು ರುಕ್ಕು ಆಂಟಿ?"

ಅವಳ ಬೆರಳು ಒಂದು ಗಳಿಗೆಯೂ ನಿಲ್ಲಲಿಲ್ಲ. "ಯಾವ್ ಕಾರ್ಡೇ?" ಅಂದಳು. ನಾನು ಇನ್ನೊಂದು ಕಡ್ಡಿ ಎತ್ತಿಕೊಂಡೆ. ಆಮೇಲೆ ಅವಳೇ, "ಅದಾ. ಮರ್ತೇ ಹೋಯ್ತು ಕಣೆ, ಎಷ್ಟ್ ವರ್ಷ ಆಯ್ತು" ಅಂದಳು.

ಹನ್ನೊಂದು ಹುಟ್ಟುಹಬ್ಬಗಳಲ್ಲಿ ತಪ್ಪದೆ ಓದಿದ್ದನ್ನು ಅಮ್ಮ ನಿಜವಾಗಿಯೂ ಮರೆತಿದ್ದರೆ, ಆ ಮಾತುಗಳು ಈಗ ಎಲ್ಲಿಯೂ ಇಲ್ಲ. ಮರೆಯದೆ ಹಾಗೆಂದಿದ್ದರೆ, ಅದನ್ನು ಕೇಳುವ ಹಕ್ಕು ನನಗಿಲ್ಲ ಎಂದು ಅವಳು ಹೇಳಿದ ಹಾಗಾಯಿತು. ಎರಡರಲ್ಲಿ ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಸೊಪ್ಪು ಮುಗಿಯುವವರೆಗೂ ಇಬ್ಬರೂ ಬಿಡಿಸಿದೆವು.